15 ತಿಂಗಳಾದ ಮೇಲೆ ಕೇಳುವವರಿಲ್ಲ

ದಿನ ತುಂಬದೆ ಹುಟ್ಟಿದ ಕೂಸು ಬದುಕಿದರೆ ಸಾಕು ಎನ್ನುತ್ತಿದ್ದ ಕಾಲ ಬಳ್ಳಾರಿ ಸೀಮೆಯಲ್ಲೂ ಹಿಂದಾಯಿತು. ‘ಗಾಜಿನ ಪೆಟ್ಟಿಗ್ಯಾಗ ಇಟ್ಟಾರ’ ಎನ್ನುತ್ತ ಸಿರುಗುಪ್ಪ, ಕುರುಗೋಡಿನ ಕಡೆಯವರು ನಗರದ ಆಸ್ಪತ್ರೆಯಲ್ಲಿ ಕಾಯುತ್ತಾರೆ. ಎಷ್ಟೋ ಕೂಸುಗಳು ಗೆದ್ದು ಮನೆಗೆ ಬರುತ್ತವೆ. ಆಮೇಲೆ ಎಲ್ಲರ ಕಣ್ಣು ತೂಕದ ಮೇಲೆ. ಮಾತನ್ನು ಗಮನಿಸುವವರು ಕಡಿಮೆ.

37 ವಾರ ತುಂಬುವ ಮೊದಲೇ ಹುಟ್ಟಿದ ಮಕ್ಕಳು 2020ರಲ್ಲಿ ದೇಶದಲ್ಲಿ ಸುಮಾರು 30 ಲಕ್ಷ. ಇವರಲ್ಲಿ ಬಹಳಷ್ಟು ಮಕ್ಕಳು ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ಮಾತು ತಡವಾಗುವ, ಕಿವಿ ಮಂದವಾಗುವ ಅಪಾಯ ಉಳಿದವರಿಗಿಂತ ಇವರಿಗೆ ಹೆಚ್ಚು. ಆಶಾ ಕಾರ್ಯಕರ್ತೆಯ ಮನೆಭೇಟಿ 3, 6, 9, 12ನೇ ತಿಂಗಳು ದಾಟಿ 15ಕ್ಕೆ ಮುಗಿಯುತ್ತದೆ. ಎರಡು ವರ್ಷದವರೆಗೆ ಇಂಥ ಕೂಸಿನ ಬೆಳವಣಿಗೆಯನ್ನು ವೈದ್ಯರು ಅಳೆಯುವುದು ಹೆರಿಗೆಗೆ ಕೊಟ್ಟಿದ್ದ ದಿನದಿಂದ. ಎಂಟು ವಾರ ಮುಂಚೆ ಹುಟ್ಟಿದ್ದರೆ ಕೊನೆಯ ಭೇಟಿಯಲ್ಲಿ ಅದಕ್ಕೆ 13 ತಿಂಗಳಷ್ಟೇ. ‘ಅವ್ವ ಬಾ’ ಎಂದು ಎರಡು ಪದ ಕೂಡಿಸುವ ಹೊತ್ತು ಇನ್ನೂ ಮುಂದಿದೆ. ಮೂರು ವರ್ಷದವರೆಗೆ ಅಂಗನವಾಡಿಯಿಂದ ಮನೆಗೆ ಬರುವುದು ಆಹಾರದ ಪೊಟ್ಟಣ. ನಾಟಿ ಕಾಲದಲ್ಲಿ ತಾಯಿ ಗದ್ದೆಯಲ್ಲಿ, ಕೂಸು ಅಜ್ಜಿಯ ಹತ್ತಿರ.

ಅಜ್ಜಿ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾಳೆ, ‘ಅವರಪ್ಪಗೂ ಮಾತು ತಡಾನ’ ಎನ್ನುತ್ತಾಳೆ. ಅವಳ ಕಕ್ಕುಲಾತಿ ದೊಡ್ಡದು. ಆದರೆ ಕಿವಿ ಕೇಳದ ಕೂಸಿಗೆ ಬಜೆ ಏನು ಮಾಡೀತು? ತೀವ್ರ ನಿಗಾದಲ್ಲಿದ್ದ ಮಕ್ಕಳಿಗೆ, ಶಬ್ದ ಮಿದುಳಿನವರೆಗೆ ತಲುಪುತ್ತದೆಯೇ ಎಂದು ನೋಡುವ ಬೆರಾ ಪರೀಕ್ಷೆಯೇ ಆಗಬೇಕು. ಕಿವಿಯಿಂದ ಮಿದುಳಿಗೆ ಹೋಗುವ ನರದ ದೋಷ ಸಾದಾ ತಪಾಸಣೆಯಲ್ಲಿ ತಪ್ಪಿಹೋಗಬಹುದು. ದೋಷವಿದ್ದರೆ ಮೂರು ತಿಂಗಳೊಳಗೆ ಗೊತ್ತಾಗಿ, ಆರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು.

ಅಜ್ಜಿಯ ಇನ್ನೊಂದು ರೂಢಿಯನ್ನು ಮಾತ್ರ ನಾನು ಎತ್ತಿ ಹಿಡಿಯುತ್ತೇನೆ: ಎಣ್ಣೆ ಹಚ್ಚುವಾಗ, ನೀರು ಹಾಕುವಾಗ ಕೂಸಿನ ಜೊತೆ ಒಂದೇ ಸಮನೆ ಮಾತಾಡುವುದು. ನಿಗಾ ಘಟಕದಲ್ಲಿ ದೊಡ್ಡವರ ಮಾತು ಹೆಚ್ಚು ಕೇಳಿದ ಮಕ್ಕಳು ಒಂದೂವರೆ ವರ್ಷಕ್ಕೆ ಭಾಷೆಯಲ್ಲಿ ಮುಂದಿದ್ದುದನ್ನು ಅಮೆರಿಕದಲ್ಲಿ 2014ರ ಅಧ್ಯಯನವೊಂದು ಕಂಡಿತು. ನಮ್ಮ ಮನೆಗಳಲ್ಲಿ ಕನ್ನಡದ ಜೊತೆ ತೆಲುಗೋ ಉರ್ದುವೋ ಇರುತ್ತದೆ. ಅದರಿಂದ ಮಾತು ತಡವಾದೀತೆಂದು ಹೆದರಿ ಒಂದನ್ನು ಬಿಡಬೇಕಿಲ್ಲ.

ಸರ್ಕಾರ ಮಾಡಬೇಕಾದದ್ದು ಕಷ್ಟದ್ದಲ್ಲ. ಕೂಸನ್ನು ಮನೆಗೆ ಕಳಿಸುವಾಗಲೇ ಬೆರಾ ಪರೀಕ್ಷೆಯ ದಿನಾಂಕ ತಾಯಿ ಕಾರ್ಡಿನಲ್ಲಿ ಬರೆಯಲಿ. ಇಂಥ ಮನೆಗಳಿಗೆ ಆಶಾ ಭೇಟಿ ಎರಡು ವರ್ಷದವರೆಗೆ ನಡೆಯಲಿ, ಅದರ ಗೌರವಧನವೂ ಸಿಗಲಿ. ವಾಕ್-ಶ್ರವಣ ತಜ್ಞರು ತಿಂಗಳಿಗೊಂದು ದಿನವಾದರೂ ಸಿರುಗುಪ್ಪ, ಕುರುಗೋಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೂರಲಿ. ಕೂಲಿ ಬಿಟ್ಟು ಪ್ರತಿ ಸಲ ಬಳ್ಳಾರಿ ಬಸ್ಸು ಹತ್ತುವುದು ಆ ತಾಯಂದಿರಿಂದ ಆಗದ ಮಾತು.