ಶಿಕಾರಿ ರೀಲ್‌ಗೆ ಲೈಕ್ ಒತ್ತೋ ಮುಂಚೆ

1/4
ಅಮೆರಿಕದ ಒಂದು ಫ್ಯಾಮಿಲಿ, ಕೈಲಿ ಮಜಲ್‌ಲೋಡರ್ ಕೋವಿ, ಕಾಲ ಬಳಿ ಜಿಂಕೆ, ಎಲ್ಲರ ಮುಖದಲ್ಲೂ ನಗು. ಆ ರೀಲನ್ನ ಕ್ಲಾಸ್ ಗ್ರೂಪಿಗೆ ಹಾಕಿ "ನಮ್ಮೂರಲ್ಲೂ ಮಾಡೋಣ ಗುರು" ಅಂದ್ರಿ. ಕೋವಿಯೇನೋ ನಮಗೂ ಗೊತ್ತು. ನಳಿಗೆ ಬಾಯಿಂದ ಮದ್ದು ತುಂಬಿ ಜಡಿಯೋ ನಮ್ಮ ಮಲೆನಾಡಿನ ಕೇಪಿನ ಕೋವಿನೂ ಅದೇ ಜಾತಿ. ಬೇರೆ ಇರೋದು ಲೆಕ್ಕ.

2/4
ಅಲ್ಲಿ ಸೀಸನ್‌ಗೆ ತಾರೀಕಿದೆ, ಲೈಸೆನ್ಸ್ ಇದೆ, ಎಷ್ಟು ಹೊಡೀಬಹುದು ಅನ್ನೋ ಮಿತಿ ಇದೆ. 1937ರ ಕಾನೂನಿನಿಂದ ಬೇಟೆ ಬಂದೂಕು, ಮದ್ದುಗುಂಡಿನ ಮೇಲಿನ 11% ತೆರಿಗೆ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತೆ. ನಮ್ಮ ಬಿಕಾಂ ಭಾಷೇಲಿ ಹೇಳೋದಾದ್ರೆ, ಡ್ರಾ ಮಾಡೋರು ಡೆಪಾಸಿಟ್ಟೂ ಕಟ್ತಾರೆ.

3/4
ಇಲ್ಲಿ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ, ಕಡವೆ ಹೊಡೆಯೋದು ಅಪರಾಧ. ಅದು ಹುಲಿಯ ಊಟ, ನಮ್ಮದಲ್ಲ. ಆದ್ರೂ ರಾತ್ರಿ ಟಾರ್ಚ್ ಹಿಡಿದು ಕದ್ದು ಹೋಗ್ತಾರೆ. ನಮ್ಮ ಮಾವನೂ ಹೋಗಿದ್ರು. ಪೊದೆ ಅಲ್ಲಾಡ್ತು ಅಂತ ಅವರ ಗೆಳೆಯನೇ ಗುಂಡು ಹಾರಿಸಿದ. ಕೇಸಾಗುತ್ತೆ ಅನ್ನೋ ಭಯಕ್ಕೆ ಬೆಳಗಾಗೋವರೆಗೂ ಆಸ್ಪತ್ರೆಗೆ ಸೇರಿಸ್ಲಿಲ್ಲ. ಚರೆ ಇವತ್ತಿಗೂ ಕಾಲಲ್ಲಿದೆ. ಈ ಕಥೆಗೆ ಯಾರೂ ರೀಲ್ ಮಾಡ್ಲಿಲ್ಲ.

4/4
"ನಮ್ಮಜ್ಜ ಮಾಡ್ತಿದ್ರು" ಅಂತೀರಾ? ಅಜ್ಜನ ಕಾಲದ ಕಾಡನ್ನೂ ವಾಪಸ್ ತನ್ನಿ, ಆಮೇಲೆ ಮಾತಾಡೋಣ. ಅಮೆರಿಕದವರ ಫೋಟೋ ಕಾಪಿ ಹೊಡೆಯೋದು ಸುಲಭ, ಶಿಸ್ತು ಕಾಪಿ ಹೊಡೀರಿ ನೋಡೋಣ. ಮಾವನನ್ನೇ ಕೇಳಿ ಬೇಕಾದ್ರೆ. ಕುಂಟ್ಕೊಂಡೇ ಬಂದು ಬಾಗಿಲು ತೆಗೀತಾರೆ.