ತಗಡಿನ ಸೂರು, ಬಟ್ಟೆಯ ಡೇರೆ

1916ರಲ್ಲಿ ಬ್ರಿಟಿಷ್ ಸೇನೆಯ ಇಂಜಿನಿಯರ್ ಪೀಟರ್ ನಿಸೆನ್, ಸುಕ್ಕುತಗಡನ್ನು ಕಮಾನಿನಂತೆ ಬಾಗಿಸಿ ಸೈನಿಕರಿಗೊಂದು ಸೂರು ರೂಪಿಸಿದರು. ಆರು ಮಂದಿಗೆ ಅದನ್ನು ನಿಲ್ಲಿಸಲು ನಾಲ್ಕು ತಾಸು ಸಾಕಿತ್ತು. ಎರಡನೇ ಮಹಾಯುದ್ಧದಲ್ಲಿ ಅಮೇರಿಕವು ಅದೇ ಮಾದರಿಯ ಲಕ್ಷಕ್ಕೂ ಮಿಕ್ಕ ಕ್ವಾನ್ಸೆಟ್ ಗುಡಿಸಲುಗಳನ್ನು ತಯಾರಿಸಿತು. 1946ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಂಥ 750 ಗುಡಿಸಲುಗಳು, ಯುದ್ಧದಿಂದ ಮರಳಿದ ಯೋಧರ 1,500 ಕುಟುಂಬಗಳಿಗೆ ಆಶ್ರಯವಾದವು.

ಮನಸ್ಸಿದ್ದರೆ ಸೂರು ಕಷ್ಟವಲ್ಲವೆಂದಾಯಿತು. ಆದರೆ 2024ರ ಚಳಿಗಾಲದಲ್ಲಿ ಗಾಝಾದ ಲಕ್ಷಾಂತರ ನಿರಾಶ್ರಿತರು ಹರಿದ ಡೇರೆಗಳಲ್ಲಿ ನಡುಗಿದರು; ಹಸುಗೂಸುಗಳು ಚಳಿಗೆ ಅಸುನೀಗಿದವು. ಇಸ್ರೇಲಿಗೆ ಬಾಂಬುಗಳನ್ನು ಧಾರಾಳವಾಗಿ ರವಾನಿಸಿದ ಅಮೇರಿಕಕ್ಕೆ, ಆ ಕಂದಮ್ಮಗಳಿಗೆ ಸೂರು ತಲುಪಿಸುವ ದಾರಿ ಮಾತ್ರ ಕಾಣಲಿಲ್ಲ.

ನಾವು ಕೇಳುತ್ತೇವೆ: ಶಸ್ತ್ರ ಹೊತ್ತವನಿಗೆ ಸೂರು, ಆ ಶಸ್ತ್ರದಿಂದಲೇ ಮನೆ ಕಳೆದುಕೊಂಡವನಿಗೆ ಬಯಲು. ಇದು ಯಾವ ನಾಗರಿಕತೆಯ ನ್ಯಾಯ? ಅಮೃತಶಿಲೆಯ ಮನೆಗಳಲ್ಲಿ ಕುಳಿತು ಮರುಗುವ ನಾವೂ ಈ ಪ್ರಶ್ನೆಗೆ ಅಲ್ಲಾಹನ ಮುಂದೆ ಉತ್ತರಿಸಬೇಕಿದೆ.