ಕಾರಿನ ಬಾಗಿಲಿನ ಸಿಳ್ಳೆಯೂ ಅತ್ತೆಯ ಕೆಮಿಯೂ

ಕುಕ್ಕರಿಲಿ ಬೇಳೆ ಬೇವಲೆ ಮಡುಗಿಪ್ಪಗ ಹಬೆ ಮೇಗಂದ ಬಾರದ್ದೆ ಕರೆಂದ "ಶುಂಯಿ" ಹೇಳಿ ಹೋಪಲೆ ಸುರು ಆದರೆ ನಾವು ಎಂತ ಮಾಡ್ತು? ರೇಡಿಯ ದೊಡ್ಡ ಮಾಡಿ ಕೂರ್ತಿಲ್ಲೆ ಅನ್ನೆ. ಒಲೆ ನಂದ್ಸಿ, ಮುಚ್ಚಲು ತೆಗದು, ಗ್ಯಾಸ್ಕೆಟ್ಟು ಗಟ್ಟಿ ಆಯಿದೋ, ಅದರಲ್ಲಿ ಅಶನದ ಅಗುಳು ಸಿಕ್ಕಿಗೊಂಡಿದ್ದೋ ನೋಡ್ತು. ಅದೇ ಶಬ್ದ ಕಾರಿನ ಬಾಗಿಲಿಂದ ಬಂದರೆ ಮಾಂತ್ರ "ಹಳೆ ಕಾರು, ಹಾಂಗೇ ಇಕ್ಕು" ಹೇಳಿ ಎಲ್ಲೋರೂ ಸುಮ್ಮನೆ ಕೂರ್ತವು. ಇದು ಸರಿ ಅಲ್ಲ ಹೇಳಿ ಎನ್ನ ಅಭಿಪ್ರಾಯ. ಕಾರಿನ ವಿಷಯಲ್ಲಿ ಹೆಮ್ಮಕ್ಕೊಗೆ ಎಂತ ಗೊಂತು ಹೇಳಿ ಕೇಳುವವು ರಜ ತಡವಲಿ, ಎನ್ನ ಕತೆ ಪೂರ ಕೇಳಲಿ.

ಎಂಗಳ ಕಾರಿಂಗೆ ಈಗ 11 ವರ್ಷ. ವಿಟ್ಲದ ಹತ್ತರೆ ಎಂಗಳ ಮನೆಂದ ಪೇಟೆಗೆ ಹೋಪ ಮಾರ್ಗಲ್ಲಿ 40ರ ಮೇಗೆ ಸ್ಪೀಡು ಹೋಪಲೇ ಎಡಿಯ. ಹಾಂಗಾಗಿ ಅಲ್ಲಿ ಏವ ಶಬ್ದವೂ ಇಲ್ಲೆ. ಕಲ್ಲಡ್ಕಲ್ಲಿ ಹೈವೇ ಹತ್ತಿ, ಬೀ.ಸಿ.ರೋಡು ಕಳುದು, ಸ್ಪೀಡು 70 ಆದಪ್ಪಗ ಎಡದ ಹೊಡೆಂದ ಸಪುರ ಸಿಳ್ಳೆ ಸುರು. ಅದರೊಟ್ಟಿಂಗೆ ಹಾವು ಬುಸುಗುಟ್ಟಿದ ಹಾಂಗೆ ಇನ್ನೊಂದು ಶಬ್ದ. ಇವಕ್ಕೆ ಹೇಳಿದೆ. "ಗಾಳಿ ಶಬ್ದ ಅದು" ಹೇಳಿದವು, ರೇಡಿಯ ರಜ ದೊಡ್ಡ ಮಾಡಿದವು. ಸರ್ವೀಸಿಂಗೆ ಕೊಟ್ಟಪ್ಪಗ ಅಲ್ಲಿದೆ ಹೇಳ್ಸಿದೆ. "ಎಲ್ಲ ಗಾಡಿಯಲ್ಲೂ ಉಂಟು ಮೇಡಂ" ಹೇಳಿತ್ತು ಅಲ್ಲಿಯಾಣ ಕೂಸು. ಮತ್ತೂ ಕೇಳಿಯಪ್ಪಗ, ನಾಲ್ಕೂ ಬಾಗಿಲಿನ ಬೀಡಿಂಗ್ ಹೊಸತ್ತು ಹಾಕೆಕ್ಕು ಹೇಳಿ ಸಾವಿರಗಟ್ಲೆಯ ಲೆಕ್ಕ ಕೊಟ್ಟತ್ತು. ಆನುದೆ ಸುಮ್ಮನಾದೆ. ಅದು ಎನ್ನ ತಪ್ಪು.

ಎಂಗಳ ಅತ್ತೆಗೆ 81 ವರ್ಷ. ಎರಡು ವರ್ಷಂದ ಎಡದ ಕೆಮಿಗೆ ಮಿಶನು ಮಡುಗುತ್ತವು. ಮೊಳಪ್ಪು ಬೇನೆ ಇಪ್ಪ ಕಾರಣ ಕಾರಿಲಿ ಯಾವಾಗಳೂ ಎದುರಾಣ ಸೀಟು ಅವಕ್ಕೆ. ಮಿಶನು ಮಡುಗಿದ ಸುರುವಿಂಗೆ ಭಾರೀ ಕೊಶಿಲಿ ಇತ್ತಿದ್ದವು, ಎಲ್ಲಾ ಜೆಂಬರಕ್ಕೂ ಹೆರಡುಗು. ಮತ್ತೆ ಮತ್ತೆ "ನಿಂಗೊ ಹೋಗಿ ಬನ್ನಿ, ಆನು ಮನೆ ನೋಡಿಗೊಳ್ತೆ" ಹೇಳ್ಲೆ ಸುರು ಮಾಡಿದವು. ಪ್ರಾಯ ಆತು, ಬಚ್ಚುತ್ತಾಯಿಕ್ಕು ಹೇಳಿ ಎಂಗೊ ಗ್ರೇಶಿದೆಯೊ. ಬಂದರುದೆ ಕಾರಿಲಿ ಮಾತಿಲ್ಲೆ. ಅಲ್ಲಿ ಹೋಗಿ ಆರು ಎಂತ ಕೇಳಿರೂ ಬರೇ ನೆಗೆ ಮಾಡುಗು. ಒಂದು ಉಪನಯನಲ್ಲಿ ಅವರ ಸ್ವಂತ ತಂಗೆ ಹತ್ತರೆ ಕೂದು ಅರ್ಧ ಗಂಟೆ ಮಾತಾಡಿತ್ತು. ಅತ್ತೆಗೆ ಒಂದು ಶಬ್ದ ಕೇಳಿದ್ದಿಲ್ಲೆ. ನೋಡಿರೆ ಮಿಶನು ಕೆಮಿಲಿಯೇ ಇಲ್ಲೆ, ಬೇಗಿನ ಒಳ ಡಬ್ಬಿಲಿ ಇದ್ದು.

ಮನಗೆ ಬಂದ ಮತ್ತೆ ಮೆಲ್ಲಂಗೆ ಕೇಳಿದೆ. ಅಂಬಗ ಹೇಳಿದವು: "ಕಾರಿಲಿ ಕೆಮಿಯ ಒಳ ಕುಕ್ಕರು ಕೂಗಿದ ಹಾಂಗೆ ಆವ್ತು ಕೂಸೇ. ತೆಗದು ಮಡುಗುತ್ತೆ. ಮತ್ತೆ ಮಡುಗಲೆ ಮರದು ಹೋವ್ತು. ನಿಂಗೊಗೆ ಎಂತಕೆ ಉಪದ್ರ ಹೇಳಿ ಹೇಳಿದ್ದಿಲ್ಲೆ."

ಆ ಮಿಶನು ಮಾತಿನ ಮಾಂತ್ರ ದೊಡ್ಡ ಮಾಡ್ತಿಲ್ಲೆ, ಸುತ್ತಾಣ ಶಬ್ದವನ್ನೂ ದೊಡ್ಡ ಮಾಡ್ತು. ಎನಗೆ ಸಪುರ ಸಿಳ್ಳೆ ಆಗಿ ಕೇಳಿದ್ದು ಅವಕ್ಕೆ ಗುಮ್ಮಿದ ಹಾಂಗೆ. ಅದೂ ಮಿಶನು ಎಡದ ಕೆಮಿಲಿ, ಶಬ್ದ ಬಪ್ಪದೂ ಎಡದ ಬಾಗಿಲಿಂದ. ಅಂದು ಇರುಳು ಎನಗೆ ಒರಕ್ಕು ಬೈಂದಿಲ್ಲೆ.

ಮರುದಿನ ಸುರುವಿಂಗೆ ಒಂದು ಮರುಳು ಮಾಡಿದೆ. ಬಾಗಿಲಿನ ರಬ್ಬರು ಒಣಗಿದ್ದು ಹೇಳಿ ಕಂಡು ತೆಂಗಿನೆಣ್ಣೆ ಉದ್ದಿದೆ. ನಿಂಗೊ ಆರುದೆ ಹೀಂಗೆ ಮಾಡಿಕ್ಕೆಡಿ. ಆ ರಬ್ಬರಿಂಗೆ ಎಣ್ಣೆ, ಗ್ರೀಸು, ಡೀಸೆಲು ಯಾವುದೂ ಆಗ. ಉಬ್ಬಿ ಮೆತ್ತಂಗೆ ಆವ್ತು, ಧೂಳು ಹಿಡಿತ್ತು. ಸಾಬೂನು ನೀರಿಲಿ ತೊಳದು ತೆಗವಲೆ ಅರ್ಧ ದಿನ ಹೋತು. ಮತ್ತೆ ಅಕ್ಕನ ಮಗಳ ಗೆಂಡನ ಹತ್ತರೆ ಕೇಳಿದೆ. ಅವಂಗೆ ಗಾಡಿ ಕೆಲಸ ರಜ ಗೊಂತಿದ್ದು. ಅವ ಹೇಳಿದ್ದು ಒಂದೇ ಮಾತು: "ಚಿಕ್ಕಮ್ಮ, ಸುರುವಿಂಗೆ ಎಲ್ಲಿ ಹೇಳಿ ಹುಡುಕಿ, ಮತ್ತೆ ಪೈಸೆ ಹಾಕಿ."

ಹುಡ್ಕುವದು ಹೇಂಗೆ ಹೇಳಿ ಈಗ ಹೇಳ್ತೆ. ಇದು ಅಡಿಗೆ ಕೋಣೆಯ ಬುದ್ಧಿಯೇ, ಬೇರೆಂತ ಅಲ್ಲ.

ಮದಾಲು, ಅದು ಗಾಳಿಯ ಶಬ್ದವೇ ಅಪ್ಪೋ ನೋಡೆಕ್ಕು. ಮಾರ್ಗ ಬದಲಿಯಪ್ಪಗ, ಡಾಮರಿಂದ ಕಾಂಕ್ರೀಟಿಂಗೆ ಹೋದಪ್ಪಗ ಶಬ್ದ ಬದಲಿರೆ ಅದು ಟಯರಿಂದು. ಅದೇ ಸ್ಪೀಡಿಲಿ ಗೇರು ಬದಲುಸಿದಪ್ಪಗ ಶಬ್ದ ಬದಲಿರೆ ಅದು ಇಂಜಿನ್ನಿಂದು. ಸ್ಪೀಡು ಏರಿದ ಹಾಂಗೆ ಏರಿ, ಎದುರಂದ ಗಾಳಿ ಬೀಸಿಯಪ್ಪಗ, ಲೋರಿ ಕರೆಲಿ ಹೋದಪ್ಪಗ ಬದಲುತ್ತರೆ ಅದು ಗಾಳಿಂದು. ಈಗಾಣ ಬ್ಯಾಟರಿ ಕಾರಿಲಿ ಇಂಜಿನ್ನಿನ ಶಬ್ದ ಇಲ್ಲದ್ದ ಕಾರಣ ಗಾಳಿದು ಇನ್ನೂ ಎದ್ದು ಕೇಳ್ತು.

ಮತ್ತೆ ಕೆಮಿ ಕೊಟ್ಟು ಜಾತಿ ಗುರ್ತ ಮಾಡೆಕ್ಕು. ಕೊಳಲಿನ ಹಾಂಗೆ ಒಂದೇ ಸ್ವರದ ಸಪುರ ಸಿಳ್ಳೆ ಆದರೆ ಹೆಚ್ಚಾಗಿ ಎಲ್ಲಿಯೋ ಒಂದು ಸಣ್ಣ ಸಂದು, ಇಲ್ಲದ್ದರೆ ಎದ್ದ ಕರೆ. ಬುಸುಗುಟ್ಟಿದ ಹಾಂಗೆ ಆದರೆ ರಬ್ಬರಿನ ಕರೆಂದ ಗಾಳಿ ಹೋಪದು. ಎಂಗಳ ಕಾರಿಲಿ ಎರಡೂ ಇತ್ತು, ಹೇಳಿರೆ ಕಳ್ಳಂಗೊ ಇಬ್ರು.

ಒಂದು ಆದಿತ್ಯವಾರ ಉದಿಯಪ್ಪಗ ಇವರ ಒಪ್ಪುಸಿ ಹೆರಟೆಯೊ. ಪೈಂಟಿನವು ಅಂಟುಸುವ ಕಾಗದದ ಮಾಸ್ಕಿಂಗ್ ಟೇಪಿನ ಒಂದು ಉರುಟು ತೆಕ್ಕೊಂಡೆ. ಎದುರಾಣ ಎಡದ ಬಾಗಿಲಿನ ಸುತ್ತಾಣ ಸಂದು, ಕರೆಯ ಕನ್ನಾಟಿಯ ಬುಡ, ಮಳೆಗೆ ಹೇಳಿ ಗ್ಲಾಸಿನ ಮೇಗೆ ಅಂಟುಸಿದ ಪ್ಲಾಸ್ಟಿಕಿನ ವೈಸರು, ಎಲ್ಲದಕ್ಕೂ ಹೆರಂದ ಟೇಪು ಹಾಕಿದೆ. ಆ ಹೊಡೆಲಿ ಆರನ್ನೂ ಕೂರ್ಸಿದ್ದಿಲ್ಲೆ, ಬಾಗಿಲಿಂಗೆ ಟೇಪು ಹಾಕಿಪ್ಪಗ ಅದೇ ಜಾಗ್ರತೆ. ಇವು ಬಿಟ್ಟವು, ಆನು ಹಿಂದೆ ಕೂದು ಕೇಳಿದೆ. ಬಿಡುವವು ಬಿಡೆಕ್ಕು, ಕೇಳುವವು ಕೇಳೆಕ್ಕು. ಎರಡನ್ನೂ ಒಬ್ಬನೇ ಮಾಡ್ಲಾಗ.

ಫರಂಗಿಪೇಟೆಂದ ಅತ್ಲಾಗಿ 70ರಲ್ಲಿ ಹೋದೆಯೊ. ಎರಡು ಶಬ್ದವೂ ಇಲ್ಲೆ! ಇವು ಒಂದರಿ ತಿರುಗಿ ಎನ್ನ ಮೋರೆ ನೋಡಿದವು. ಅಲ್ಲಿಂದ ಒಂದೊಂದೇ ಟೇಪು ತೆಗದೆಯೊ. ಕನ್ನಾಟಿದು ತೆಗದು ಓಡ್ಸಿದೆಯೊ, ಎಂತ ವ್ಯತ್ಯಾಸ ಇಲ್ಲೆ. ವೈಸರಿಂದು ತೆಗದೆಯೊ, ಸಿಳ್ಳೆ ಬಂತು. ಬಾಗಿಲಿನ ಮೇಗಾಣ ಸಂದಿಂದು ತೆಗದೆಯೊ, ಬುಸುಗುಟ್ಟುವದೂ ಬಂತು. ಒಂದರಿಗೆ ಒಂದೇ ತೆಗೆಯೆಕ್ಕು, ಅದೇ ಇದರ ಗುಟ್ಟು. ಉಪ್ಪಿನಕಾಯಿ ಹಾಳಾದಪ್ಪಗ ಉಪ್ಪೋ, ಮೆಣಸೋ, ಭರಣಿಯೋ ಹೇಳಿ ಒಂದೊಂದನ್ನೇ ನೋಡ್ತಿಲ್ಲೆಯೋ, ಹಾಂಗೆ.

ಮನೆಲಿ ಬಂದು ವೈಸರು ಮುಟ್ಟಿ ನೋಡಿರೆ ಎದುರಾಣ ಕೊಡಿ ಅಂಟು ಬಿಟ್ಟು ಒಂದು ಎಳೆ ಎದ್ದಿದು. ಅಷ್ಟು ಸಾಕು. ಮಳೆಗಾಲಲ್ಲಿ ಗ್ಲಾಸು ರಜ ಇಳುಸಲೆ ಅದು ಬೇಕು ಹೇಳಿ ಇವು ಹಟ ಮಾಡಿದವು, ಅದೂ ಸರಿಯೇ. ಹಳೆ ಅಂಟು ಪೂರ ತೆಗದು ಉದ್ದಿ, ಹೊಸ ಡಬಲ್ ಸೈಡ್ ಟೇಪು ಹಾಕಿ ಒತ್ತಿದೆಯೊ. ಒಂದು ಕಳ್ಳ ಸಿಕ್ಕಿದ.

ಇನ್ನೊಬ್ಬಂಗೆ ಫ್ರಿಡ್ಜಿನ ಪರೀಕ್ಷೆ. ಫ್ರಿಡ್ಜಿನ ಬಾಗಿಲಿನ ರಬ್ಬರು ಸರಿ ಇದ್ದೋ ಹೇಳಿ ನೋಡ್ಲೆ ಒಂದು ಕಾಗದ ಮಡುಗಿ ಬಾಗಿಲು ಹಾಕಿ ಎಳದು ನೋಡ್ತಲ್ಲದೋ? ಕಾರಿಂಗುದೆ ಅದೇ. ಕ್ಯಾಲೆಂಡರಿನ ಕಾಗದ ಉದ್ದಕೆ ಹರುದು, ಬಾಗಿಲಿನ ಸುತ್ತ ಗೇಣಿಂಗೊಂದು ಕಡೆ ಮಡುಗಿ, ಬಾಗಿಲು ಹಾಕಿ ಎಳದೆ. ಎಲ್ಲಾ ಕಡೆ ಬಿಗಿ ಇತ್ತು. ಮೇಗಾಣ ಹಿಂದಾಣ ಮೂಲೆಲಿ ಮಾಂತ್ರ ಬೆಣ್ಣೆಂದ ಕೂದಲು ತೆಗದ ಹಾಂಗೆ ಸುಲಭಲ್ಲಿ ಬಂತು. ಬಲದ ಬಾಗಿಲಿಲಿ ಅದೇ ಜಾಗೆಲಿ ನೋಡಿದೆ, ಅಲ್ಲಿ ಬಿಗಿ ಇದ್ದು. ನಿಜವೋ ಭ್ರಮೆಯೋ ಹೇಳಿ ಸಂಶಯ ಬಂದರೆ ಇನ್ನೊಂದು ಹೊಡೆಯ ಬಾಗಿಲೇ ಸಾಕ್ಷಿ.

ಆ ಮೂಲೆಲಿ ಬೀಡಿಂಗ್ ತಗಡಿನ ಕರೆಂದ ರಜ ಎದ್ದು ಜೋಲಿತ್ತಿದ್ದು. ಅದರ ಬೆರಳಿಲಿ ಒತ್ತಿ ಒಳ ಕೂರ್ಸಿದೆ. ಚಂಡಿ ವಸ್ತ್ರಲ್ಲಿ ರಬ್ಬರು ಪೂರ ಉದ್ದಿ, ಒಣಗುಸಿ, ಸಿಲಿಕಾನ್ ಸ್ಪ್ರೇಯ ವಸ್ತ್ರಕ್ಕೆ ಹಾಕಿ ಸಪುರಕೆ ಉದ್ದಿದೆ. ಪುನಃ ಕಾಗದ ಮಡುಗಿದೆ. ಮದಲಿಂಗಿಂತ ಒಳ್ಳೆದಾತು, ಆದರೆ ಪೂರ ಬಿಗಿ ಇಲ್ಲೆ. ಹಾಂಗಾಗಿ ಪೇಟೆಯ ಟಿಂಕರಿಂಗಿನವನ ಹತ್ತರೆ ಹೋದೆಯೊ. ಬಾಗಿಲಿನ ಲಾಕು ಹೋಗಿ ಕೂರುವ ಒಂದು ಕೊಂಡಿ ಕಂಬಲ್ಲಿ ಇರ್ತು. ಅವ ಮದಾಲು ಅದರ ಸುತ್ತ ಪೆನ್ಸಿಲಿಲಿ ಗೆರೆ ಹಾಕಿದ, ಬೋಲ್ಟು ಸಡಿಲ ಮಾಡಿದ, ಒಂದು ಮಿಲ್ಲಿಮೀಟರಿನಷ್ಟು ಒಳಂಗೆ ನೂಕಿದ, ಬಿಗುದ. ಗೆರೆ ಎಂತಕೆ ಹೇಳಿರೆ, ಹೆಚ್ಚಾದರೆ ಮದಲಾಣ ಜಾಗೆಗೆ ತಪ್ಪಲೆ. ಹೆಚ್ಚು ಒಳ ಹೋದರೆ ಬಾಗಿಲು ಹಾಕುವಗ ಬಡಿಯೆಕ್ಕಾವ್ತು. ಇದರ ಮನೆಲಿ ಮಾಡ್ಲಾಗ, ಗೊಂತಿಪ್ಪವನೇ ಮಾಡೆಕ್ಕು. ಹತ್ತು ನಿಮಿಷದ ಕೆಲಸ.

ನಿಂದ ಕಾರಿಲಿ ಸರಿ ಇಪ್ಪ ಬಾಗಿಲು ಓಡುವಗ ಎಂತಕೆ ಹಾಂಗೆ ಮಾಡ್ತು ಹೇಳಿ ಇವು ಅವನ ಹತ್ತರೆ ಕೇಳಿದವು. ಓಡುವಗ ಗ್ಲಾಸಿನ ಹೆರ ಗಾಳಿ ರಭಸಲ್ಲಿ ಹರಿತ್ತು, ಅಲ್ಲಿ ಒತ್ತಡ ಕಮ್ಮಿ ಆವ್ತು, ಒಳಾಣ ಗಾಳಿ ಬಾಗಿಲಿನ ಮೇಗಾಣ ಫ್ರೇಮಿನ ಹೆರಂಗೆ ನೂಕುತ್ತು. ರಬ್ಬರು ಬಿಗಿ ಇಲ್ಲದ್ದಲ್ಲಿ ಸಂದು ಬಿಡ್ತು. ಅದಕ್ಕೇ ಶೆಡ್ಡಿಲಿ ನಿಂದ ಕಾರಿನ ನೋಡಿ "ಎಂತ ಇಲ್ಲೆ" ಹೇಳುವವರ ಮಾತು ನಂಬಲಾಗ. ಕೇಳದ್ದೆ ಹೇಳುವದು ಅದು.

ಇನ್ನೊಂದು ಮಾತು. ಸಂದು ಕಂಡಲ್ಲೆಲ್ಲ ಅಂಟು ತುಂಬುಸಿಕ್ಕೆಡಿ. ಬಾಗಿಲಿನ ಅಡಿಲಿ ಇಪ್ಪ ಸಣ್ಣ ಒಟ್ಟೆಗೊ ಮಳೆನೀರು ಹೆರ ಹೋಪಲೆ ಇಪ್ಪದು. ಅದರ ಮುಚ್ಚಿರೆ ನೀರು ನಿಂದು ಬಾಗಿಲು ಒಳಂದಲೇ ತುಕ್ಕು ಹಿಡಿಗು. ನಮ್ಮ ಊರಿನ ಮಳೆಗೆ ಕೇಳೆಕ್ಕೋ?

ಈಗ ಎನ್ನ ಅಭಿಪ್ರಾಯಕ್ಕೆ ಬತ್ತೆ. ಇವು ಇನ್ನೂ ಹೇಳ್ತವು, "ಕಾರು ಹೇಳಿರೆ ಶಬ್ದ ಇಕ್ಕು, ಅದಕ್ಕೆ ಇಷ್ಟೆಲ್ಲ ಎಂತಕೆ" ಹೇಳಿ. ಒಪ್ಪುತ್ತೆ. ಗಾಳಿಯ ಶಬ್ದ ಏವ ಕಾರಿಲಿಯೂ ಪೂರ ಹೋಗ, ಎಂಗಳದ್ದರಲ್ಲಿಯೂ ಹೋಯಿದಿಲ್ಲೆ. ಆದರೆ ನಿನ್ನೆ ಇಲ್ಲದ್ದ ಸಿಳ್ಳೆ ಇಂದು ಬಂದರೆ ಅದಕ್ಕೆ ಒಂದು ಕಾರಣ ಇದ್ದೇ ಇರ್ತು. ಅದರ ಹುಡ್ಕದ್ದೆ ನಾಲ್ಕು ಬಾಗಿಲಿನ ಬೀಡಿಂಗ್ ಹಾಕ್ಸಿದ್ದರೆ ಅಷ್ಟು ಪೈಸೆ ಹೋಗಿಯೂ ವೈಸರಿನ ಸಿಳ್ಳೆ ಹಾಂಗೇ ಒಳಿತ್ತಿತ್ತು. ಹುಡ್ಕದ್ದೆ ರೇಡಿಯ ದೊಡ್ಡ ಮಾಡಿದ್ದಕ್ಕೆ ಒಂದು ಪ್ರಾಯದ ಜೀವ ಮನೆಲಿ ಕೂದತ್ತು.

ಕಾರು ಬಿಡುವವರ ಕಣ್ಣು ಮಾರ್ಗಲ್ಲಿ, ಮನಸ್ಸು ಎದುರಾಣ ಲೋರಿಲಿ. ಎಡದ ಬಾಗಿಲು ಅವಕ್ಕೆ ದೂರ. ಕರೆಲಿ ಕೂದವಕ್ಕೆ, ಹಿಂದೆ ಕೂದವಕ್ಕೆ ಕೇಳುವದು ಬಿಡುವವಕ್ಕೆ ಕೇಳ. ಹೆಚ್ಚಿನ ಮನೆಗಳಲ್ಲಿ ಕರೆಲಿಯೂ ಹಿಂದೆಯೂ ಕೂರುವದು ನಾವೇ. ಹಾಂಗಾಗಿ "ಎನಗೆ ಕೇಳ್ತಿಲ್ಲೆ" ಹೇಳಿರೆ ಶಬ್ದ ಇಲ್ಲೆ ಹೇಳಿ ಅರ್ಥ ಅಲ್ಲ. ನಾವುದೆ ಒಂದರಿ ಹೇಳಿ ಬಿಟ್ಟುಬಿಡ್ಲಾಗ. ಏವ ಸ್ಪೀಡಿಲಿ, ಏವ ಹೊಡೆಂದ, ಎಂತಾ ಶಬ್ದ ಹೇಳಿ ಬರದು ಮಡುಗಿ ಹೇಳೆಕ್ಕು. ಲೆಕ್ಕ ಇಟ್ಟು ಹೇಳಿರೆ ಮೆಕ್ಯಾನಿಕ್ಕಂಗೊ ಕೇಳ್ತವು, ಗೆಂಡಂದ್ರೂ ಕೇಳ್ತವು.

ಮತ್ತೆ, ಮನೆಯ ಹೆರಿಯವು "ಆನು ಬತ್ತಿಲ್ಲೆ" ಹೇಳಿರೆ ಪ್ರಾಯದ ಲೆಕ್ಕಕ್ಕೆ ಹಾಕಿ ಬಿಡೆಡಿ. ಎಂತಕೆ ಹೇಳಿ ಹತ್ತರೆ ಕೂದು ಕೇಳಿ. ಕಾರಣ ಸೀಟಿಂದಾಯಿಕ್ಕು, ಮೆಟ್ಲಿಂದಾಯಿಕ್ಕು, ಬಾಗಿಲಿಂದಾಯಿಕ್ಕು. ಅವು ಆಗಿ ಹೇಳವು.

ಕಳುದ ತಿಂಗಳು ಮಂಗ್ಳೂರಿಲಿ ಒಂದು ಮದುವೆ ಇತ್ತು. ಅತ್ತೆಯ ಒತ್ತಾಯ ಮಾಡಿ ಹೆರಡ್ಸಿದೆ. ಬೀ.ಸಿ.ರೋಡು ಕಳುತ್ತು, ಸ್ಪೀಡು ಏರಿತ್ತು. ಆನು ಹಿಂದಂದ ಅವರ ಕೈಯನ್ನೇ ನೋಡಿಗೊಂಡು ಕೂದಿತ್ತಿದ್ದೆ, ಕೆಮಿಯ ಹತ್ತರಂಗೆ ಹೋವ್ತೋ ಹೇಳಿ. ಹೋಯಿದಿಲ್ಲೆ. ಅಡ್ಯಾರಿನ ಹತ್ತರೆ ಹೊಳೆ ಕಂಡಪ್ಪಗ ಅವ್ವೇ ಸುರು ಮಾಡಿದವು, ಮದುವೆ ಆಗಿ ಬಪ್ಪಗ ಪಾಣೆಮಂಗಳೂರಿನ ಹಳೆ ಸಂಕಲ್ಲಿ ಬಸ್ಸು ಹೇಂಗೆ ಮೆಲ್ಲಂಗೆ ದಾಂಟಿತ್ತು, ಅವು ಹೇಂಗೆ ಹೆದರಿ ಕಣ್ಣು ಮುಚ್ಚಿದವು ಹೇಳಿ. ಇವು ಅಬ್ಬೆಯ ಬಾಯಿಂದ ಆ ಕತೆ ಅಂದೇ ಸುರು ಕೇಳಿದ್ದಡ.

ರೇಡಿಯ ಹಾಕಲೆ ಎಂಗೊಗೆ ನೆಂಪೇ ಆಯಿದಿಲ್ಲೆ.